ರುದ್ರಮೂರ್ತಿ ಮಕ್ಕಳನ್ನು ಕಳಿಸಲಿಲ್ಲ

ಸಂಗೀತಾ ಹೋಗಿ ತಿಂಗಳು ತುಂಬುವ ಮೊದಲೇ, ಅವಳು ಬದುಕಿದ್ದಾಗ ಮಾಡಿದ್ದು ತಪ್ಪು ಎಂದು ಬಂಧುಬಳಗ ತೀರ್ಮಾನಿಸಿಬಿಟ್ಟಿತ್ತು. ಅಳುತ್ತಲೇ ತೀರ್ಮಾನಿಸಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುವವರೇ ‘ಪಾಪ, ಬಂಗಾರದಂಥ ಹುಡುಗಿ, ಮಕ್ಕಳ ವಿಷಯದಾಗೆ ಮಾತ್ರ...’ ಎಂದು ಶುರುಮಾಡುತ್ತಿದ್ದರು. ಆ ‘ಮಾತ್ರ’ದ ಮುಂದಿನ ಮಾತು ಎಲ್ಲರಿಗೂ ಗೊತ್ತಿತ್ತು. ಅವಳು ಹಿರಿಮಗಳು ದೀಪಶ್ರೀಯನ್ನು ಶಾಲೆಗೆ ಹಾಕಿರಲಿಲ್ಲ. ಮನೆಯಲ್ಲೇ ಕಲಿಸುತ್ತಿದ್ದಳು. ಕಿರಿಯವಳು ಶಶಿಯನ್ನೂ ಹಾಗೇ ಬೆಳೆಸುತ್ತೇನೆ ಎಂದಿದ್ದಳು.

ಮೂರು ದಿನದ ಜ್ವರಕ್ಕೆ ಹೋದಳು. ಇದನ್ನು ಇನ್ನೊಂದು ರೀತಿ ಹೇಳಿದರೂ ಅಷ್ಟೇ. ಆಗ ದೀಪುಗೆ ಆರು ವರ್ಷ, ಶಶಿಗೆ ಒಂದೂವರೆ.

ಅವಳ ಗಂಡ ರುದ್ರಮೂರ್ತಿಗೆ ಅಜ್ಜಂಪುರದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟಾರಿನ ಹಳೇ ತಾಮ್ರದ ತಂತಿ ಕಿತ್ತು ಹೊಸದನ್ನು ಸುತ್ತಿಕೊಡುವುದು ಕೆಲಸ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ಮನೆಪಾಠದ ವಿಷಯದಲ್ಲಿ ಅವನು ಹೆಂಡತಿಯ ಜೊತೆ ಎರಡು ವರ್ಷ ಜಗಳವಾಡಿದವನು. ‘ನಾವೇನು ದೊಡ್ಡ ಮನುಷ್ಯರೇನೇ? ಎಲ್ಲರ ಮಕ್ಕಳು ಹೋಗ್ತವೆ, ನಮ್ಮವೂ ಹೋಗ್ಲಿ’ ಎನ್ನುತ್ತಿದ್ದ. ಸಂಗೀತಾ ಮದುವೆಗೆ ಮೊದಲು ನಾಲ್ಕು ವರ್ಷ ಒಂದು ಖಾಸಗಿ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಟೀಚರ್ ಆಗಿದ್ದಳು. ಎರಡೂವರೆ ವರ್ಷದ ಮಗುವಿನ ಮುಷ್ಟಿಗೆ ಪೆನ್ಸಿಲ್ ತುರುಕಿ, ಆ ಮುಷ್ಟಿಯನ್ನು ತನ್ನ ಕೈಯಲ್ಲಿ ಹಿಡಿದು ಗೆರೆ ಎಳೆಸುವುದು ಅವಳ ಕೆಲಸವಾಗಿತ್ತು. ‘ಒಂದು ದಿನಕ್ಕೆ ನಲವತ್ತು ಕೈ ಹಿಡಿದೀನಿ ಕಣ್ರೀ. ಒಂದೂ ತಾನಾಗಿ ಬರ್ಲಿಲ್ಲ’ ಎಂದು ಗಂಡನಿಗೆ ಹೇಳಿದ್ದಳು. ಅವನು ಒಪ್ಪಿರಲಿಲ್ಲ. ಸೋತು ಸುಮ್ಮನಾಗಿದ್ದ, ಅಷ್ಟೇ.

ಹೀಗಾಗಿ ಅವಳು ಹೋದ ಮೇಲೆ ಇವನು ಮರುದಿನವೇ ದೀಪುವನ್ನು ಶಾಲೆಗೆ ಸೇರಿಸುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಅವನೂ ಹಾಗೇ ಅಂದುಕೊಂಡಿದ್ದ. ಆದರೆ ಬಂದವರೆಲ್ಲ ಅವನ ಹೆಗಲ ಮೇಲೆ ಕೈಯಿಟ್ಟು ‘ಇನ್ನಾದ್ರೂ ಸರಿಮಾಡ್ಕೋ’ ಎನ್ನತೊಡಗಿದಾಗ, ಆ ‘ಇನ್ನಾದ್ರೂ’ ಅವನಿಗೆ ಒಗ್ಗಲಿಲ್ಲ. ಅವಳು ಹೋದದ್ದು ಏನೋ ಸರಿಹೋಗಲಿಕ್ಕೆ ದಾರಿಯಾಯಿತು ಎನ್ನುವಂತೆ ಕೇಳುತ್ತಿತ್ತು ಅದು. ಹನ್ನೊಂದನೇ ದಿನದ ಊಟ ಮುಗಿದು ಕೊನೆಯ ನೆಂಟ ಬಸ್ಸು ಹತ್ತಿದ ಮೇಲೆ, ಅವನು ದೀಪುವನ್ನು ಕರೆದು ಕೇಳಿದ.

‘ಅಮ್ಮ ಎಲ್ಲಿಗೆ ನಿಲ್ಲಿಸಿದ್ಲು?’

‘ಒತ್ತಕ್ಷರಕ್ಕೆ.’

‘ಸರಿ. ಪುಸ್ತಕ ತಗೊಂಡ್ ಬಾ.’

ಮೊದಲ ತಿಂಗಳು ಅವನು ಕಲಿಸಿದ್ದು ಕೆಟ್ಟದಾಗಿತ್ತು. ಮೋಟಾರು ಸುತ್ತುವ ಹಾಗೆ ಕಲಿಸಿದ. ಕೂರಿಸಿದ, ಐವತ್ತು ಸಲ ಬರೆ ಎಂದ, ತಪ್ಪಿದರೆ ಮೊದಲಿಂದ ಎಂದ. ನಾಲ್ಕನೇ ದಿನ ಸ್ಲೇಟು ಕಾಣೆಯಾಯಿತು. ಮನೆಯೆಲ್ಲ ಹುಡುಕಿ, ಸಂಜೆ ಮುದ್ದೆಗೆ ಹಿಟ್ಟು ತೆಗೆಯಲು ಹೋದಾಗ ರಾಗಿಹಿಟ್ಟಿನ ಡಬ್ಬದ ಬುಡದಲ್ಲಿ ಸಿಕ್ಕಿತು. ಅವನಿಗೆ ಸಿಟ್ಟು ಬರಲಿಲ್ಲ. ನಗು ಬಂತು, ಸ್ವಲ್ಪ ಹೊತ್ತಿಗೆ ಅಳು ಬಂತು. ಸ್ಲೇಟು ಒರೆಸಿ ಅಟ್ಟಕ್ಕೆ ಹಾಕಿದ. ಮರುದಿನದಿಂದ ದೀಪು ಅಂಗಡಿಯಲ್ಲೇ ಕಲಿತಳು. ಮೋಟಾರುಗಳ ತಗಡಿನ ಪಟ್ಟಿ ಓದಿದಳು, ಹಳೇ ಪೇಪರು ಓದಿದಳು, ಗಿರಾಕಿಗಳ ಹೆಸರು, ಊರು ಬಳಪದಲ್ಲಿ ಮೋಟಾರಿನ ಮೈಮೇಲೆ ಬರೆದಳು. ‘ಯಲ್ಲಮ್ಮ, ಶಿವನಿ’ ಎಂದು ಬರೆಯುವುದರಲ್ಲಿ ಲಕ್ಕೆ ಲ ಒತ್ತು ಕೊಡುವುದು ಅವಳಿಗೆ ಶಾಶ್ವತವಾಗಿ ಬಂತು. ತಪ್ಪಿದರೆ ಯಲ್ಲಮ್ಮನೇ ಬಂದು ‘ನನ್ ಮೋಟ್ರು ಎಲ್ಲಮ್ಮ?’ ಎಂದು ಕೇಳುತ್ತಾಳೆ ಎಂದು ಅಪ್ಪ ಹೆದರಿಸಿದ್ದ.

ಶಶಿಯದು ಬೇರೆಯೇ ಕಥೆ. ಎರಡು ವರ್ಷ ತುಂಬಿದ ಮೇಲೆ ಅವಳ ಬಾಯಲ್ಲಿ ಒಂದೇ ಮಾತು, ‘ನಾನೇ’. ಅಂಗಿ ನಾನೇ, ಚಪ್ಪಲಿ ನಾನೇ, ಮುದ್ದೆ ಮುರಿಯುವುದು ನಾನೇ. ಚಪ್ಪಲಿ ಹಾಕಿಕೊಳ್ಳಲು ಇಪ್ಪತ್ತು ನಿಮಿಷ. ಅದೂ ಎಡದ್ದು ಬಲಕ್ಕೆ. ರುದ್ರಮೂರ್ತಿ ಹೊಸ್ತಿಲ ಮೇಲೆ ಕೂತು ಕಾಯುತ್ತಿದ್ದ. ತಂತಿಗೆ ಬಳಿದ ವಾರ್ನಿಷು ಊದಿದರೆ ಒಣಗುವುದಿಲ್ಲ ಎಂದು ಗೊತ್ತಿದ್ದವನಿಗೆ ಕಾಯುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಚಡ್ಡಿ ಬಿಡಿಸುವುದು, ಸಕಾಲಕ್ಕೆ ಕೂರಿಸುವುದು, ತಪ್ಪಿದಾಗ ತೊಳೆಯುವುದು. ಅದನ್ನು ಹಿತ್ತಿಲಲ್ಲಿ, ಯಾರೂ ಕಾಣದ ಹಾಗೆ ಮಾಡುತ್ತಿದ್ದ. ಒಗೆದ ಚಡ್ಡಿಗಳನ್ನು ತನ್ನ ಪಂಚೆಯ ಹಿಂದೆ ಒಣಹಾಕುತ್ತಿದ್ದ. ಊರಿಗೆ ಎದುರು ನಿಂತಿದ್ದ ಗಂಡಸು ಇಷ್ಟಕ್ಕೆ ಮಾತ್ರ ನಾಚುತ್ತಿದ್ದ.

ಯಗಟಿಯ ಲಕ್ಕಣ್ಣ ಒಮ್ಮೆ ಸುಟ್ಟ ಮೋಟಾರು ಹೊತ್ತುಕೊಂಡು ಬಂದಾಗ ಅಂಗಡಿಯಲ್ಲಿ ಶಶಿ ಮೊರದ ಮುಂದೆ ಕೂತಿದ್ದಳು. ಮೊರದಲ್ಲಿ ಹೆಸರುಕಾಳು, ಅಲಸಂದೆ ಬೆರೆಸಿಟ್ಟಿತ್ತು. ಅವಳು ಒಂದೊಂದೇ ಆರಿಸಿ ಎರಡು ಬಟ್ಟಲಿಗೆ ಹಾಕುತ್ತಿದ್ದಳು. ಪೆನ್ಸಿಲ್ ಹಿಡಿಯುವ ಮೊದಲು ಬೆರಳು ಹದವಾಗಬೇಕು ಎಂದು ಸಂಗೀತಾ ದೀಪುಗೂ ಇದನ್ನೇ ಮಾಡಿಸಿದ್ದಳು.

‘ಏನಪ್ಪಾ ಮೂರ್ತಿ, ಕೂಸಿಗೂ ಕೂಲಿ ಕೆಲ್ಸ ಹಚ್ಚಿದೀಯ?’ ಎಂದ ಲಕ್ಕಣ್ಣ.

‘ಪಾಠ ಕಣಣ್ಣ ಅದು.’

‘ಪಾಠವಾ? ನಮ್ಮವ್ವ ನಂಗೆ ಇದೇ ಪಾಠ ಮಾಡ್ಸಿದ್ಲು. ಹಂಗಾದ್ರೆ ನಾನೂ ಓದಿದೋನೆ ಅನ್ನು.’

‘ಓದಿದೋನೇ. ಸುಮ್ನೆ ಕೂತ್ಕೊ, ಎಣಿಕೆ ತಪ್ತದೆ.’

ರುದ್ರಮೂರ್ತಿ ತಂತಿ ಸುತ್ತುವ ಯಂತ್ರದ ಹಿಡಿ ತಿರುಗಿಸುತ್ತಿದ್ದ. ಒಂದು ಸುರುಳಿಗೆ ಇಷ್ಟೇ ಸುತ್ತು ಎಂಬ ಲೆಕ್ಕ ಇರುತ್ತದೆ. ನಡುವೆ ಯಾರಾದರೂ ಮಾತಾಡಿಸಿದರೆ ಬಿಚ್ಚಿ ಮೊದಲಿಂದ ಸುತ್ತಬೇಕು. ಮಕ್ಕಳ ಮನೆಯಲ್ಲಿ ಮಾತಾಡಿಸುವವರಿಗೆ ಬರವೇ? ಅದಕ್ಕೇ ಎಣಿಸುವ ಕೆಲಸ ದೀಪುಗೆ ಬಿಟ್ಟಿದ್ದ. ‘ಲಾಭ, ಎರಡು, ಮೂರು, ನಾಲ್ಕು’ ಎಂದು ಅವಳು ಜೋರಾಗಿ ಎಣಿಸುತ್ತಿದ್ದಳು. ರಾಗಿ ಅಳೆಯುವವರು ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದು ಈ ಕಡೆಯ ರೂಢಿ. ಒಂದು ಎಂದರೆ ಒಂದಕ್ಕೇ ನಿಂತೀತು ಎಂಬ ಭಯ. ಕಡೂರಿನಲ್ಲಿ ರುದ್ರಮೂರ್ತಿಗೆ ಕೆಲಸ ಕಲಿಸಿದ ಮೇಸ್ತ್ರಿ ತಂತಿಯ ಮೊದಲ ಸುತ್ತಿಗೂ ಲಾಭ ಎನ್ನುತ್ತಿದ್ದ. ಇವನಿಗೂ ಅದೇ ಬಾಯಿಗೆ ಕೂತಿತ್ತು. ಇವನಿಂದ ಮಗಳಿಗೆ.

ಮಾಗಿಯ ಒಂದು ಬೆಳಗ್ಗೆ ಶಶಿ ಒಂದು ಅಲಸಂದೆ ಕಾಳನ್ನು ಮೂಗಿಗೆ ಹಾಕಿಕೊಂಡಳು. ಯಾರಿಗೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಳು ನೆನೆದು ಉಬ್ಬಿ ಉಸಿರು ಕಟ್ಟತೊಡಗಿತು. ರುದ್ರಮೂರ್ತಿ ಅಂಗಡಿ ತೆರೆದಿಟ್ಟೇ ಇಬ್ಬರನ್ನೂ ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದ. ಡಾಕ್ಟರು ಎರಡು ನಿಮಿಷದಲ್ಲಿ ತೆಗೆದರು. ‘ತಿಂಗಳಿಗೆ ಹತ್ತು ಕೇಸು ಬರ್ತವೆ ಕಣ್ರೀ. ಬಳಪ, ಮಣಿ, ಕಡಲೆಬೀಜ. ಕಾಳು ಕೊಟ್ಟಾಗ ಪಕ್ಕದಲ್ಲಿ ಕೂತ್ಕೊಳ್ಳಿ’ ಎಂದು ಹೇಳಿ ಕಳಿಸಿದರು. ಅಷ್ಟೇ ನಡೆದದ್ದು.

ಆದರೆ ಅವನು ಮನೆ ಮುಟ್ಟುವ ಮೊದಲೇ ಸುದ್ದಿ ತರೀಕೆರೆ ಮುಟ್ಟಿತ್ತು. ಅಲ್ಲಿ ಸಂಗೀತಾಳ ತಾಯಿ ಕಲ್ಲಮ್ಮ ಇದ್ದಾರೆ. ಅವರು ಫೋನು ಮಾಡಿದರು. ‘ಒಂದನ್ನ ಕಳಕೊಂಡಿದೀನಿ ಮೂರ್ತಿ’ ಎಂದಷ್ಟೇ ಹೇಳಿ ಇಟ್ಟರು.

ಮುಂದಿನ ತಿಂಗಳು ವರ್ಷದ ಪೂಜೆ ಬಂತು. ಬೆಳಗ್ಗೆ ಸಮಾಧಿಗೆ ವಿಭೂತಿ, ಪತ್ರೆ ಇಟ್ಟು ಬಂದರು. ಜಂಗಮರ ಊಟವಾಯಿತು, ಮನೆಯವರ ಊಟವಾಯಿತು. ಎಲೆ ಎತ್ತಿದ ಮೇಲೆ ಕಲ್ಲಮ್ಮನ ತಮ್ಮ ಮೃತ್ಯುಂಜಯ ಜಮಖಾನದ ನಡುವೆ ಕೂತು, ‘ಮೂರ್ತಿ, ಬಾ ಇಲ್ಲಿ’ ಎಂದು ಕರೆದರು. ಸಂಗೀತಾಳ ಸೋದರಮಾವ ಅವರು. ತರೀಕೆರೆಯಲ್ಲಿ ತೆಂಗಿನಕಾಯಿ ಮಂಡಿ ಇಟ್ಟವರು, ಮಠದಲ್ಲಿ ಮಾತು ನಡೆಯುವಂಥವರು. ಮದುವೆಯಲ್ಲಿ ಸಂಗೀತಾಳ ಕೈಹಿಡಿದು ಮಂಟಪಕ್ಕೆ ಕರೆತಂದವರೂ ಅವರೇ. ಕೆಟ್ಟ ಮನುಷ್ಯರಲ್ಲ. ಜೇಬಿನಿಂದ ಒಂದು ಕಾಗದ ತೆಗೆದರು.

‘ಮಠದ ಹಾಸ್ಟೆಲ್ ಸ್ಕೂಲಲ್ಲಿ ದೀಪುಗೆ ಸೀಟು ಹೇಳಿದೀನಿ. ಸ್ವಾಮಿಗಳೇ ಒಪ್ಕೊಂಡವ್ರೆ. ಜೂನ್‌ಗೆ ಸೇರ್ಸು. ಶಶಿನ ನಮ್ಮಕ್ಕ ಇವತ್ತೇ ಕರ್ಕೊಂಡ್ ಹೋಗ್ತಾಳೆ. ನಮ್ ಬೀದಿಗೇ ನರ್ಸರಿ ವ್ಯಾನ್ ಬರ್ತದೆ.’

‘ಬೇಡ ಮಾವ.’

‘ಯಾಕ್ ಬೇಡ?’

‘ಅವು ಇಲ್ಲೇ ಇರ್ತವೆ. ನನ್ ಹತ್ರ.’

‘ಇಲ್ಲಿ ಏನದೆ? ಸುಟ್ ಮೋಟ್ರು, ಕಾಳು. ಮೂಗಿಗೆ ಹೋಗಿದ್ದು ಗಂಟ್ಲಿಗೆ ಹೋಗಿದ್ರೆ?’

ಆ ಪ್ರಶ್ನೆಯನ್ನು ರುದ್ರಮೂರ್ತಿಯೇ ತನಗೆ ದಿನಾ ಕೇಳಿಕೊಳ್ಳುತ್ತಿದ್ದ.

ಬಾಗಿಲ ಬಳಿ ನಿಂತಿದ್ದ ಅವನ ಷಡ್ಡಕ ಮಹೇಂದ್ರ, ‘ಮಾವ, ಇವ್ನಿಗೆ ಯಗಟಿ ಕಡೆ ಒಂದು ಹೆಣ್ಣು ನೋಡ್ಬಿಡಿ. ಎಲ್ಲಾ ಸರಿಹೋಗ್ತದೆ’ ಎಂದ. ಕೆಲವರು ನಕ್ಕರು.

‘ಹೆಂಡ್ತಿ ಪೂಜೆ ದಿನ ಅನ್ನೋ ಮಾತೇನಯ್ಯಾ ಅದು?’ ಎಂದು ಮೃತ್ಯುಂಜಯ ಅವನನ್ನು ಗದರಿದರು. ಆಮೇಲೆ ರುದ್ರಮೂರ್ತಿಯ ಕಡೆ ತಿರುಗಿ ಸ್ವರ ತಗ್ಗಿಸಿದರು. ‘ನೋಡು, ನಾನು ಜಿದ್ದಿಗೆ ಹೇಳ್ತಿಲ್ಲ. ಮಗು ಏನ್ ಕಲ್ತಿದೆ ಅಂತ ತೋರ್ಸಿಬಿಡು. ನಾನು ಬಾಯ್ ಮುಚ್ಕೊಂಡ್ ಹೋಗ್ತೀನಿ. ದೀಪು, ಬಾಮ್ಮ ಇಲ್ಲಿ. ಹತ್ತರ ತನ್ಕ ಎಣ್ಸು ನೋಡಣ.’

ರುದ್ರಮೂರ್ತಿಗೆ ಸಮಾಧಾನವಾಯಿತು. ಸಾವಿರದವರೆಗೆ ಎಣಿಸುವ ಹುಡುಗಿಗೆ ಹತ್ತೇನು ಮಹಾ? ದೀಪು ಎರಡು ಕೈ ಮುಂದೆ ಚಾಚಿ ಬೆರಳು ಮಡಿಸಿದಳು.

‘ಲಾಭ, ಎರಡು, ಮೂರು, ನಾಲ್ಕು...’

‘ನಿಲ್ಸು, ನಿಲ್ಸು. ಮೊದ್ಲಿಂದ ಹೇಳು. ಮೊದಲ್ನೇದು ಯಾವ್ದು?’

‘ಲಾಭ.’

‘ಲಾಭ ಅಳೆಯೋವಾಗಮ್ಮ. ನಿನ್ ಬೆರಳು ರಾಗಿಯಾ? ಬರೀ ಎಣ್ಸು. ಮೊದಲ್ನೇ ನಂಬ್ರು ಏನು?’

ದೀಪು ಅಪ್ಪನ ಮುಖ ನೋಡಿದಳು. ಇದರಲ್ಲಿ ಏನು ತಪ್ಪಿದೆ ಎಂದು ಅವಳಿಗೆ ತಿಳಿಯಲಿಲ್ಲ. ‘ಲಾಭ’ ಎಂದು ಇನ್ನೊಮ್ಮೆ, ಮೆಲ್ಲಗೆ ಹೇಳಿದಳು.

ಮನೆಯೆಲ್ಲ ನಕ್ಕಿತು. ಜಂಗಮರೂ ನಕ್ಕರು. ವರ್ಷದ ಪೂಜೆಯ ಮನೆಯಲ್ಲಿ ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರೆಲ್ಲ ಒಟ್ಟಿಗೆ ಹೊರಬಂದ ಹಾಗೆ ನಕ್ಕರು. ‘ಏಳು ವರ್ಷಕ್ಕೆ ಒಂದು ಬರಲ್ಲ ಅಂದ್ರೆ!’ ಎಂದ ಮಹೇಂದ್ರ ಕಣ್ಣೊರೆಸಿಕೊಂಡು. ದೀಪು ಮಡಿಸಿದ ಬೆರಳುಗಳನ್ನು ಹಾಗೇ ಹಿಡಿದು ನಿಂತಿದ್ದಳು. ಕಿವಿ ಕೆಂಪಾಗಿದ್ದವು.

ಒಂದು ವರ್ಷ, ದಿನಕ್ಕೆ ನೂರಾರು ಸಲ, ಆ ಲಾಭವನ್ನು ರುದ್ರಮೂರ್ತಿಯೇ ಕೇಳಿದ್ದ. ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ. ಅಮ್ಮ ಕಲಿಸಿದ್ದ ‘ಒಂದು’ ಅಂಗಡಿಯ ಎಣಿಕೆಯಲ್ಲಿ ಅಳಿಸಿಹೋಗಿತ್ತು. ಅಂಕಿ ಬರೆಯುವಾಗ ಮಗಳು ಒಂದನ್ನು ಸರಿಯಾಗೇ ಬರೆಯುತ್ತಿದ್ದಳು. ಅದನ್ನು ಓದುವಾಗ ಏನೆನ್ನುತ್ತಾಳೆ ಎಂದು ಅವನು ಕೇಳಿಯೇ ಇರಲಿಲ್ಲ. ಸಂಗೀತಾ ಇದ್ದಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು, ಅಲ್ಲಿ ಕೂತಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಅವನು ಎದ್ದು ಹೋಗಿ ಮಗಳ ಪಕ್ಕ ನಿಂತ.

‘ತಪ್ಪು ನಂದು ಮಾವ. ನಾನು ಹಂಗೆ ಎಣಿಸ್ತೀನಿ, ಅದೂ ಹಂಗೇ ಎಣಿಸ್ತು. ಅದು ಕಲ್ತಿಲ್ಲ ಅಂತಲ್ಲ, ನಾನು ಕಲ್ಸಿದ್ದನ್ನೇ ಕಲ್ತದೆ. ನಾಳೆ ಒಂದು ಹೇಳ್ಕೊಡ್ತೀನಿ.’

‘ಇನ್ನೂ ಏನೇನ್ ತಪ್ಪು ಕಲ್ಸಿದೀಯೋ ಯಾರಿಗ್ ಗೊತ್ತು?’

‘ಇರ್ತವೆ. ಸಿಕ್ಕಿದಂಗೆ ತಿದ್ಕೋತೀನಿ. ಒಂದು ತಪ್ಪಿಗೆ ಮಗೂನೇ ಕಳ್ಸು ಅಂದ್ರೆ ಯಾವ ಅಪ್ಪನ ಮನೇಲಿ ಮಕ್ಳು ಉಳೀತಾವೆ?’

‘ಮಠಕ್ಕೆ ನಾನೇನ್ ಹೇಳ್ಲಿ? ಎರಡು ಸಲ ಹೋಗಿ ಕೈಮುಗ್ದು ಬಂದಿದೀನಿ.’

‘ಬೇಡ ಅಂದ ಅಂತ ಹೇಳಿ. ಸಿಟ್ ಬಂದ್ರೆ ನನ್ ಮೇಲೆ ಬರ್ಲಿ.’

ಮೃತ್ಯುಂಜಯ ಕಾಗದವನ್ನು ಮಡಿಸಿದರು. ಇನ್ನೂ ಚಿಕ್ಕದಾಗಿ ಮಡಿಸಿದರು. ಮೂವತ್ತು ವರ್ಷದಿಂದ ಮನೆಯಲ್ಲಿ ಅವರ ಮಾತಿಗೆ ಎದುರು ಬಂದಿರಲಿಲ್ಲ. ‘ಅವಳೂ ಹಿಂಗೇ’ ಎಂದರು. ‘ಹಟ. ನೀನಾದ್ರೂ ನೆಟ್ಟಗಿದ್ದೆ, ನಿಂಗೂ ಹಿಡಿಸಿ ಹೋದ್ಲು.’

‘ಹೂಂ ಮಾವ. ಹಿಡಿಸಿ ಹೋದ್ಲು.’

ಅದುವರೆಗೆ ಕಲ್ಲಮ್ಮ ಗೋಡೆಗೊರಗಿ ಕೂತು ಶಶಿಯನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಈಗ ಎದ್ದರು. ಮಗುವನ್ನು ಎತ್ತಿಕೊಂಡು ಅಂಗಡಿಯ ಬಾಗಿಲು ದಾಟಿ ಬೀದಿಯಲ್ಲಿ ನಿಂತಿದ್ದ ತಮ್ಮನ ಕಾರಿನ ಕಡೆ ನಡೆದರು.

‘ಅತ್ತೆ’ ಎಂದ ರುದ್ರಮೂರ್ತಿ.

‘ಹದಿನೈದು ದಿನ ಇಟ್ಕೊಂಡು ಕಳಿಸ್ತೀನಿ ಕಣಪ್ಪ.’

‘ಅತ್ತೆ, ಬೇಡ.’

‘ಇದರ ಹಣೆ ನೋಡು. ಥೇಟ್ ಅವಳದೇ. ನಾನು ಎಷ್ಟು ದಿನ ಫೋಟೋ ನೋಡ್ಕೊಂಡಿರ್ಲಿ?’

ಅವನು ಬೀದಿಗೆ ಬಂದ. ಎದುರು ಮನೆಯ ಹೆಂಗಸರು ಜಗಲಿಗೆ ಬಂದಿದ್ದರು. ಹೋಟೆಲಿನ ಮುಂದೆ ನಿಂತವರು ಲೋಟ ಹಿಡಿದುಕೊಂಡೇ ತಿರುಗಿದ್ದರು. ಕಲ್ಲಮ್ಮ ಕಾರಿನ ಬಾಗಿಲಿಗೆ ಕೈಹಾಕಿದರು. ಅವರ ಇನ್ನೊಂದು ಕೈ ಶಶಿಯ ಬೆನ್ನ ಮೇಲೆ ಬಿಗಿಯಾಗಿತ್ತು. ಹದಿನೈದು ದಿನ ಎಂದರೆ ಹದಿನೈದು ದಿನವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ರುದ್ರಮೂರ್ತಿ ಆ ಬೆರಳುಗಳನ್ನು ಬಿಡಿಸಿದ. ಒಂದೊಂದಾಗಿ, ನೋವಾಗದ ಹಾಗೆ, ಆದರೆ ಬಿಡಿಸಿದ. ಮಗಳನ್ನು ಕಳೆದುಕೊಂಡ ತಾಯಿಯ ಕೈಯಿಂದ ಮಗುವನ್ನು ಕಿತ್ತುಕೊಂಡ ಎಂದು ಊರು ಹೇಳುತ್ತದೆ. ಹೇಳಲಿ, ಅದು ಸುಳ್ಳಲ್ಲ.

ಈ ಎಳೆದಾಟದಲ್ಲಿ ಹೆದರಿದ ಶಶಿ ಚಡ್ಡಿಯಲ್ಲೇ ಮಾಡಿಕೊಂಡಳು. ಅಜ್ಜಿಯ ಸೀರೆಗೂ ಆಯಿತು. ‘ಅಪ್ಪಾ, ಕಕ್ಕ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಅವನು ಹಿತ್ತಿಲಿಗೆ ಹೋಗಲಿಲ್ಲ. ಅಂಗಡಿಯ ಮುಂದೆ, ಬೀದಿಗೆ ಮುಖಮಾಡಿದ ನಲ್ಲಿ ತಿರುಗಿಸಿ, ಪಂಚೆ ಮೇಲಕ್ಕೆ ಕಟ್ಟಿ ಕುಕ್ಕರಗಾಲಲ್ಲಿ ಕೂತ. ಮಗುವಿನ ಚಡ್ಡಿ ಬಿಚ್ಚಿದ.

‘ಒಳಗೆ ಹೆಂಗಸ್ರು ಅವ್ರೆ, ಕೊಡಯ್ಯ ಅತ್ಲಾಗೆ’ ಎಂದರು ಮೃತ್ಯುಂಜಯ. ‘ಗಂಡ್ಸು ನಡುಬೀದೀಲಿ ಮಾಡೋ ಕೆಲ್ಸವಾ ಇದು?’

‘ಒಂದ್ ವರ್ಷದಿಂದ ನಾನೇ ಮಾಡ್ತಿರೋದು ಮಾವ. ಇವತ್ತು ನೀವು ನೋಡಿದ್ರಿ, ಅಷ್ಟೇ.’

‘ನಾನೇ’ ಎಂದಳು ಶಶಿ, ಸೋಪಿಗೆ ಕೈಚಾಚಿ. ಅವನು ಸೋಪು ಕೊಟ್ಟ. ಅದು ಅವಳ ಕೈಯಿಂದ ಜಾರಿ ಚರಂಡಿಯ ಕಡೆ ಹೋಯಿತು. ದೀಪು ಓಡಿಹೋಗಿ ಹಿಡಿದಳು. ಹೋಟೆಲಿನ ಮುಂದೆ ನಿಂತವರಲ್ಲಿ ಯಾರೋ ಏನೋ ಅಂದರು. ರುದ್ರಮೂರ್ತಿ ತಲೆಯೆತ್ತಿ ಆ ಕಡೆ ನೋಡಿದ. ಅವರು ಲೋಟದೊಳಗೆ ನೋಡಿಕೊಂಡರು.

ಮೃತ್ಯುಂಜಯ ಕಾರು ಹತ್ತಿ ಬಾಗಿಲು ಎಳೆದುಕೊಂಡರು. ಕಲ್ಲಮ್ಮ ಸೀರೆಯ ಸೆರಗಿಗೆ ನೀರು ಹಾಕಿಕೊಳ್ಳಲು ನಲ್ಲಿಯ ಹತ್ತಿರ ಬಂದರು. ಅಳಿಯನ ಮುಖ ನೋಡಲಿಲ್ಲ. ಬೊಗಸೆಯಲ್ಲಿ ನೀರು ಹಿಡಿದು ಸೀರೆ ಉಜ್ಜಿಕೊಂಡರು. ಬಾಗಿ ಮಗುವನ್ನು ನೋಡಿ, ‘ಹಿಂದೆ ಸರಿಯಾಗಿ ತೊಳಿ. ತೊಡೆ ಸಂದಿ ಕೆಂಪಾಗದೆ, ಕೊಬ್ರಿ ಎಣ್ಣೆ ಹಚ್ಚು’ ಎಂದರು.

‘ಹಚ್ತೀನಿ ಅತ್ತೆ.’

‘ದಿನಾ ಹಚ್ಬೇಕು.’

‘ದಿನಾ ಹಚ್ತೀನಿ. ಸೋಮ್ವಾರ ಬನ್ನಿ. ನೀವೇ ನೋಡ್ಬೋದು.’

ಅವರು ಸೆರಗು ಹಿಂಡಿಕೊಂಡು ಕಾರು ಹತ್ತಿದರು. ಕಾರು ತರೀಕೆರೆ ರಸ್ತೆಗೆ ತಿರುಗಿತು. ರುದ್ರಮೂರ್ತಿ ಚಡ್ಡಿಯನ್ನು ಹಿಂಡಿ ಕೊಡವಿ, ಅಂಗಡಿಯ ಮುಂದಿನ ತಂತಿಯ ಮೇಲೆ, ಬೋರ್ಡಿನ ಕೆಳಗೇ ಹರವಿದ. ಶಶಿ ಬರಿಮೈಯಲ್ಲಿ ಬೀದಿಯ ಬಿಸಿಲಿಗೆ ನಿಂತು ಚಪ್ಪಾಳೆ ತಟ್ಟಿದಳು.